ಆಷಾಢದ ಅಭ್ಯಾಸ ಹಾಸ್ಟೆಲ್

ಮದುವೆ ಛತ್ರದೊಳಗೆ ಹಾಸ್ಟೆಲ್ ಆಟ ಆಡಿಸಿದರೆ ಮಕ್ಕಳು ವಿಶ್ವವಿದ್ಯಾಲಯಕ್ಕೆ ತಯಾರಾಗಿಬಿಡುತ್ತಾರೆ ಎಂದು ಯಾರಾದರೂ ವಾದಿಸಿದರೆ ನಾನು ವಿರುದ್ಧ ಪಕ್ಷದಲ್ಲಿ ನಿಲ್ಲುತ್ತೇನೆ. ಆ ಆಟಕ್ಕೆ ಒಂದು ಸಲ ನಾನೇ ವಾರ್ಡನ್ ಆಗಿದ್ದೆ. ಎದುರಿನವರು ಎತ್ತಿ ತೋರಿಸುವ ಮೊದಲು ಅದನ್ನು ನಾನೇ ಹೇಳಿಬಿಡುವುದು ಮೇಲು.

ನಡೆದದ್ದು ಮಳವಳ್ಳಿಯಲ್ಲಿ. ಅಲ್ಲಿನ ಒಂದು ಶಿಕ್ಷಣ ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ. ಹಿಂದೊಮ್ಮೆ ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರಾಗಿ ಕೂತು, ನನಗೆ ಎರಡನೇ ಬಹುಮಾನ ಕೊಟ್ಟು, "ಹುಡುಗಿಯ ಮಾತು ಚೆನ್ನಾಗಿದೆ, ವಿನಯ ಕಡಿಮೆ" ಎಂದು ಮೈಕಿನಲ್ಲೇ ಹೇಳಿದ್ದವರು. ನಾನು ಎಂ.ಎ. ಮುಗಿಸಿ ಮಂಡ್ಯದ ಮನೆಯಲ್ಲಿ ಕೂತು, ಮುಂದೇನು ಎಂದು ಅಪ್ಪನ ಜೊತೆ ದಿನಾ ಕಿತ್ತಾಡುತ್ತಿದ್ದ ಕಾಲದಲ್ಲಿ ಅವರ ಫೋನು ಬಂತು. ಪಿಯುಸಿ ಮುಗಿಸಿ ಊರು ಬಿಟ್ಟು ಓದಲು ಹೋಗುವ ಹೆಣ್ಣುಮಕ್ಕಳನ್ನು ಒಂದೆಡೆ ಇರಿಸಿ, ಹಾಸ್ಟೆಲಿನ ಬದುಕನ್ನು ಮೊದಲೇ ರೂಢಿ ಮಾಡಿಸಬೇಕಂತೆ. ಮಕ್ಕಳ ಜೊತೆ ಇರುವುದಕ್ಕೆ ಒಬ್ಬ ಹುಡುಗಿ ಬೇಕಂತೆ.

"ಎಲ್ಲಿ ಸರ್?" ಎಂದೆ.

"ಛತ್ರದಲ್ಲಿ. ಆಷಾಢ ಅಲ್ಲವೇ ಬರ್ತಾ ಇರೋದು. ಮದುವೆ ಇಲ್ಲ, ಮುಂಜಿ ಇಲ್ಲ, ಛತ್ರ ಖಾಲಿ. ಬಾಡಿಗೆ ಬೇಡ ಅಂದಿದ್ದಾರೆ."

ಒಳ್ಳೆಯದು. ಜನ ಅಶುಭ ಎಂದು ಬಿಟ್ಟ ತಿಂಗಳನ್ನು ಓದಿಗೆ ಬಳಸಿಕೊಳ್ಳುವ ಒಬ್ಬ ಮನುಷ್ಯನಾದರೂ ಮಳವಳ್ಳಿಯಲ್ಲಿ ಇದ್ದಾನಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಆದರೆ ಮಕ್ಕಳು ಬರೋದು ಆಷಾಢ ಹುಟ್ಟೋಕೆ ಮೊದಲೇ. ಹಾಸಿಗೆ ಹೊತ್ತುಕೊಂಡು ಹೆಣ್ಣುಮಕ್ಕಳು ಆಷಾಢದಲ್ಲಿ ಮನೆ ಬಿಡೋದಕ್ಕೆ ಯಾವ ತಂದೆತಾಯೀನೂ ಒಪ್ಪಲ್ಲ. ಅದಕ್ಕೇ ಒಳ್ಳೇ ದಿನ ನೋಡಿಸಿದೀನಿ."

"ವಿಶ್ವವಿದ್ಯಾಲಯದವರು ಆಷಾಢದಲ್ಲೇ ಬಂದು ಸೇರಿ ಅಂದರೆ?"

"ಅದು ಆಮೇಲಿನ ಮಾತಮ್ಮ."

ಆಮೇಲಿನ ಮಾತು ಎಂದು ಬದಿಗಿಟ್ಟಲ್ಲೇ ಎದುರಾಳಿಯ ವಾದ ಸೋರುತ್ತಿರುತ್ತದೆ ಎಂದು ನನಗೆ ಚರ್ಚೆ ಕಲಿಸಿದವರು ಹೇಳಿಕೊಟ್ಟಿದ್ದರು. ಅಲ್ಲೇ ಹಿಡಿಯಬೇಕಿತ್ತು. ಅಪ್ಪನ ಜೊತೆಗಿನ ಜಗಳದಿಂದ ಬಿಡುವು ಸಿಕ್ಕರೆ ಸಾಕು ಎಂದು ಒಪ್ಪಿಕೊಂಡೆ.

ಅಭ್ಯಾಸ ಹಾಸ್ಟೆಲಿನ ಉದ್ದೇಶ, ಆಮಂತ್ರಣದಲ್ಲಿ ಅಚ್ಚಾದ ಪ್ರಕಾರ, "ಸ್ವಾವಲಂಬನೆ". ಮಕ್ಕಳು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕು, ಛತ್ರದ ಅಡುಗೆಯವನು ಮಾಡಿದ್ದನ್ನು ಮಾತಾಡದೆ ಉಣ್ಣಬೇಕು, ಮನೆಯ ನೆನಪನ್ನು ನುಂಗಬೇಕು. ಮೊದಲನೇ ಸಂಜೆಯೇ ಮಳವಳ್ಳಿ ಬಸ್‌ಸ್ಟ್ಯಾಂಡಿನ ಕಡೆಯಿಂದ ತಾಯಂದಿರ ಮೆರವಣಿಗೆ ಬಂತು. ಪ್ರತಿಯೊಬ್ಬರ ಕೈಯಲ್ಲೂ ಕ್ಯಾರಿಯರ್. ಮೇಲಿನ ಡಬ್ಬಿಯಲ್ಲಿ ಮುದ್ದೆ, ಕೆಳಗಿನದರಲ್ಲಿ ಬಸ್ಸಾರು. ವಧೂವರರ ಕುರ್ಚಿ ಇಡುವ ವೇದಿಕೆಯ ಮೇಲೆ ಸಾಲಾಗಿ ಕೂತು, ಮಕ್ಕಳಿಗೆ ಮುದ್ದೆ ಮುರಿದು ಮುರಿದು ತಿನ್ನಿಸಿದರು. ಅಡುಗೆಯವನು ತಾನು ಮಾಡಿದ್ದ ಅನ್ನವನ್ನು ತಾನೇ ಉಂಡು, ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ.

"ಇದು ಹಾಸ್ಟೆಲ್ ಕಣಮ್ಮ, ಬಾಣಂತಿ ಕೋಣೆ ಅಲ್ಲ," ಎಂದೆ ಒಬ್ಬರಿಗೆ.

"ನೀನ್ ಉಂಡ್ಯಾ?" ಎಂದು ಕೇಳಿ ಆಯಮ್ಮ ನನ್ನ ಕೈಗೂ ಒಂದು ಮುದ್ದೆ ಹಾಕಿದರು. ಮುದ್ದೆ ಹಿಡಿದುಕೊಂಡು ಸ್ವಾವಲಂಬನೆಯ ಮೇಲೆ ಭಾಷಣ ಮಾಡುವುದಕ್ಕೆ ಆಗುವುದಿಲ್ಲ.

ಅಧ್ಯಕ್ಷರಿಗೆ ಇದು ತೊಂದರೆ ಎನ್ನಿಸಲಿಲ್ಲ. ಅಡುಗೆಯ ಸಾಮಾನು ಉಳಿಯಿತು. ಅವರ ಚಿಂತೆಯೆಲ್ಲ "ಸಂಸ್ಕಾರ"ದ್ದು. ಅಧ್ಯಾಪಕರು ಬಂದಾಗ ಎದ್ದು ನಿಲ್ಲುವುದು, ಕೈ ಕಟ್ಟುವುದು, ತಲೆ ತಗ್ಗಿಸುವುದು. ಒಂದು ಬೆಳಿಗ್ಗೆ ಪೂರ್ತಿ ಇದನ್ನು ಅಭ್ಯಾಸ ಮಾಡಿಸಿದರು. ಇನ್ನೊಂದು ಬೆಳಿಗ್ಗೆ ಯಾರೋ ಪ್ರೇರಣಾ ಭಾಷಣಕಾರರನ್ನು ಕಾರಿನಲ್ಲಿ ಕರೆತಂದರು. ಆತ ಮಕ್ಕಳಿಗೆ ಕಣ್ಣು ಮುಚ್ಚಿಸಿ, ತಾವೆಲ್ಲ ಹದ್ದುಗಳು ಎಂದು ಊಹಿಸಿಕೊಳ್ಳಲು ಹೇಳಿದರು. ಪ್ರಶ್ನೋತ್ತರದ ಹೊತ್ತಿಗೆ ನಾನು ಕೈ ಎತ್ತಿದೆ.

"ಹಾಸ್ಟೆಲಿನ ನಲ್ಲಿಯಲ್ಲಿ ನೀರು ಬರದಿದ್ದರೆ ಹದ್ದು ಯಾರಿಗೆ ದೂರು ಕೊಡಬೇಕು ಸರ್?"

"ನೆಗೆಟಿವ್ ಆಗಿ ಯೋಚಿಸಬಾರದು ಮೇಡಂ," ಎಂದರು. ಚಪ್ಪಾಳೆ ಬಿತ್ತು. ತಟ್ಟಿದ್ದು ಅಧ್ಯಕ್ಷರು.

ಮಧ್ಯಾಹ್ನಗಳು ನನ್ನವು. ಊಟದ ಮನೆಯಲ್ಲಿ ಒಂದು ಮೇಜು ಎಳೆದುಕೊಂಡು ಅದರ ಹಿಂದೆ ನಾನು ಗುಮಾಸ್ತೆಯಾಗಿ ಕೂರುತ್ತಿದ್ದೆ. ಒಬ್ಬೊಬ್ಬಳೇ ಬಂದು ಯಾವುದೋ ಒಂದು ಪತ್ರ ಕೇಳಬೇಕು. ನಾನು ತಲೆ ಎತ್ತದೆ "ನಾಳೆ ಬಾ" ಅನ್ನುತ್ತೇನೆ. ಅವಳು ಹೋಗಬಾರದು, ಅಷ್ಟೇ ಪಾಠ. ಹೇಗಾದರೂ ನಿಲ್ಲಲಿ, ಏನಾದರೂ ಹೇಳಲಿ, ಹೋಗಬಾರದು. ಈ ಪಾಠದಲ್ಲಿ ಬಹಳ ಮಂದಿ ಸೋತರು. ಮಂಡ್ಯದ ಸೀಮೆಯವರಿಗೆ ಬಾಯಿ ಜೋರು ಎಂದು ಲೋಕವೆಲ್ಲ ಹೇಳುತ್ತದೆ. ನಿಜ. ಮನೆಯಂಗಳದಲ್ಲಿ, ಗದ್ದೆ ಬದುವಿನಲ್ಲಿ, ಬಸ್ಸಿನಲ್ಲಿ ಜೋರು. ಮೇಜಿನ ಎದುರು ನಿಲ್ಲಿಸಿದರೆ ಅದೇ ಬಾಯಿ "ಆಯ್ತು ಮೇಡಂ" ಎಂದು ಮುಚ್ಚಿಹೋಗುತ್ತದೆ.

ಪೂರಿಗಾಲಿಯಿಂದ ಬಂದಿದ್ದ ಒಬ್ಬಳು ಮಾತ್ರ ಬೇರೆ ಥರ ಮಾಡಿದಳು. ನಾನು "ನಾಳೆ ಬಾ" ಎಂದೆ. ಅವಳು ಜಗಳವಾಡಲಿಲ್ಲ, ಹೋಗಲೂ ಇಲ್ಲ. ಮೇಜಿನ ಪಕ್ಕದ ಬೆಂಚಿನ ಮೇಲೆ ಕೂತಳು.

"ಯಾಕೆ ಕೂತೆ?"

"ನಾಳೆ ಬತ್ತದಲ್ಲ. ಕಾಯ್ತೀನಿ."

ಉಳಿದವರು ನಕ್ಕರು. ನನಗೆ ಸಿಟ್ಟು ಬಂತು. ನಾನು ಕಲಿಸುತ್ತಿದ್ದದ್ದು ವಾದ, ಇವಳು ಮಾಡುತ್ತಿದ್ದದ್ದು ಉಪಾಯ. ಎರಡೂ ಒಂದೇ ಅಲ್ಲ ಎಂದು ಅವಳಿಗೆ ಹೇಳಿದೆ. "ಪತ್ರ ಸಿಕ್ತದಾ ಇಲ್ವಾ ಅಕ್ಕ?" ಎಂದು ಕೇಳಿದಳು.

ಅವಳಿಗೆ ಭೌತಶಾಸ್ತ್ರದಲ್ಲಿ ಐದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತ್ತು. ಪ್ರವೇಶ ಪರೀಕ್ಷೆ ಬರೆದು ಗೆದ್ದುಕೊಂಡ ಸೀಟು. ವಿಶ್ವವಿದ್ಯಾಲಯ ಇದ್ದದ್ದು ತಮಿಳುನಾಡಿನಲ್ಲಿ. ನಾವು ಛತ್ರದಲ್ಲಿ ಇನ್ನೂ ಮೊದಲ ವಾರ ಕಳೆಯುವ ಮೊದಲೇ, ಬಂದು ಸೇರಿಕೊಳ್ಳಬೇಕಾದ ದಿನ ಯಾವುದು ಎಂದು ಫೋನಿಗೆ ಸಂದೇಶ ಬಂತು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹುಡುಕಿದೆವು. ಆ ದಿನ ಆಷಾಢದ ನಟ್ಟನಡುವೆ ಕೂತಿತ್ತು. ಅವತ್ತು ಹೋಗದಿದ್ದರೆ ಸೀಟು ಪಟ್ಟಿಯಲ್ಲಿರುವ ಮುಂದಿನವರಿಗೆ.

ಅಧ್ಯಕ್ಷರ "ಆಮೇಲಿನ ಮಾತು" ಬಂದೇ ಬಂದಿತ್ತು.

ಅವಳ ಅಪ್ಪ ಹತ್ತಿರದ ಬ್ಲಫ್ ಎಂಬಲ್ಲಿನ ಜಲವಿದ್ಯುತ್ ಕೇಂದ್ರದಲ್ಲಿ ನೌಕರ. ಊರಲ್ಲಿ ಗದ್ದೆಯೂ ಇದೆ. ಪಾಳಿ ಮುಗಿಸಿಕೊಂಡು, ಸಮವಸ್ತ್ರದ ಅಂಗಿಯಲ್ಲೇ, ಬೈಕಿನಲ್ಲಿ ಛತ್ರಕ್ಕೆ ಬಂದರು. ಎತ್ತರದ ಆಳು, ಕೂರು ಎಂದರೆ ಕೂರದವರು.

"ಸೇರ್ಕೊಳಾದು ಆಸಾಡದಲ್ಲಂತೆ," ಎಂದರು.

"ಹೌದು."

"ಆಸಾಡ ಕಳೀಲಿ. ಆಮ್ಯಾಕೆ ಕಳುಸ್ತೀನಿ."

"ಅವರು ಕಾಯಲ್ಲ."

"ಕಾಯಕಿಲ್ಲ ಅಂದ್ರೆ ಬುಡ್ಲಿ. ಮಂಡ್ಯದಲ್ಲಿ ಕಾಲೇಜಿಲ್ವಾ? ನೀನ್ ಓದಿಲ್ವಾ?"

"ನಾನು ಓದಿದ್ದಕ್ಕೇ ಹೇಳ್ತಾ ಇರೋದು, ಅವಳು ಅಲ್ಲಿಗೆ ಹೋಗಲಿ ಅಂತ. ನೀವು ಬ್ಲಫ್‌ನಲ್ಲಿ ಕೆಲಸ ಮಾಡ್ತೀರಲ್ಲ, ಆಷಾಢ ಅಂತ ಟರ್ಬೈನು ನಿಲ್ಲಿಸ್ತೀರಾ?"

"ಟರ್ಬೈನು ನನ್ ಮಗ್ಳಲ್ಲ ಕಣಮ್ಮ."

ಬಾಗಿಲ ಹಿಂದೆ ಹುಡುಗಿಯರು ಕಿಸಕ್ಕೆಂದರು. ಆ ಅಪ್ಪನಿಗೆ ಅದು ಉತ್ಸಾಹ ಕೊಟ್ಟಿತು.

"ಅದೂ ಎಲ್ಲಿಗೆ? ತಮಿಳ್ನಾಡಿಗೆ. ನೀರು ಬುಟ್ಟಿದ್ದು ಸಾಲ್ದು ಅಂತ ಮಗ್ಳನ್ನೂ ಬುಡ್ಬೇಕಾ?"

"ನೀರು ಬಿಟ್ಟರೆ ವಾಪಸ್ ಬರಲ್ಲ. ಇವಳು ದೀಪಾವಳಿಗೆ ಬರ್ತಾಳೆ."

"ಬಾಯಿ ಜೋರೈತೆ ನಿಂಗೆ," ಎಂದರು. ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ. ಅವರು ಹೊರಟುಹೋದರು.

ಪರಿಣತರ ಸಾಕ್ಷ್ಯ ತರಿಸುವುದು ಚರ್ಚೆಯಲ್ಲಿ ಎರಡನೇ ಹೆಜ್ಜೆ. ಛತ್ರದ ಪಕ್ಕದ ದೇವಸ್ಥಾನದ ಅರ್ಚಕರು ವಯಸ್ಸಾದವರು, ಊರಿನ ಮದುವೆಗಳಿಗೆಲ್ಲ ಮುಹೂರ್ತ ಇಟ್ಟುಕೊಡುವವರು. ಅವರ ಬಳಿ ಹೋಗಿ ನೇರವಾಗಿ ಕೇಳಿದೆ.

"ಆಷಾಢದಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಬೇಡ ಅಂತ ಇದೆ," ಎಂದರು. "ಓದೋದಕ್ಕೆ ಹೋಗಬೇಡ ಅಂತ ನಾನೆಲ್ಲೂ ಕಂಡಿಲ್ಲಮ್ಮ. ಗುರುಪೂರ್ಣಿಮೆ ಬರೋದೇ ಆಷಾಢದಲ್ಲಿ. ಗುರುವನ್ನ ಹುಡುಕಿಕೊಂಡು ಹೋಗೋಕೆ ಅದಕ್ಕಿಂತ ಒಳ್ಳೇ ತಿಂಗಳು ಯಾವುದು?"

ನನಗೆ ಕುಣಿಯುವಂತಾಯಿತು. ಆಷಾಢವನ್ನೇ ನಂಬದ ನಾನು ಗುರುಪೂರ್ಣಿಮೆಯನ್ನು ಜೇಬಿಗೆ ಹಾಕಿಕೊಂಡು ಬಂದೆ. ಹುಡುಗಿಯ ಅಪ್ಪ ಮತ್ತೆ ಬಂದ ದಿನ ಅರ್ಚಕರನ್ನು ಛತ್ರಕ್ಕೇ ಕರೆಸಿ, ಅವರ ಬಾಯಿಂದಲೇ ಹೇಳಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು, ಅರ್ಚಕರಿಗೆ ಕೈ ಮುಗಿದು ಬಾಗಿಲವರೆಗೆ ಕಳುಹಿಸಿ ಬಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಯ್ನೋರು ಯೋಳಿದ್ದು ಸರಿಯಾಗೇ ಇರ್ತದೆ. ನಾಳೀಕೆ ಉಡ್ಗಿಗೆ ಅಲ್ಲಿ ಜ್ವರ ಬಂದ್ರೆ ನಮ್ಮೂರೋರು ಅಯ್ನೋರ ಮನೆ ಬಾಗ್ಲಿಗೆ ಓಗಕಿಲ್ಲ. ನನ್ ಮೊಕಕ್ಕೆ ಉಗೀತಾರೆ. ಆಸಾಡದಲ್ಲಿ ಎಣ್ಣುಡ್ಗೀನ ಗಡಿ ದಾಟಿಸ್ದ ಅಂತಾರೆ. ಪೇಲಾದ್ರೂ ಅದೇ ಮಾತು, ಕಾಲು ಜಾರಿ ಬಿದ್ರೂ ಅದೇ ಮಾತು. ಉತ್ರ ಕೊಡೋನು ನಾನು. ನೀನಲ್ಲ."

ಅಲ್ಲಿಗೆ ನನಗೆ ವಿಷಯ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯನೂ ಆಷಾಢವನ್ನು ನಂಬುವುದಿಲ್ಲ. ಆಷಾಢ ಅವರಿಗೆ ಜಾಮೀನು. ಅದನ್ನು ಪಾಲಿಸಿದರೆ ಮುಂದೆ ಏನೇ ಆದರೂ ಅವರ ತಪ್ಪಲ್ಲ, ಮೀರಿದರೆ ನೆಗಡಿಯಾದರೂ ಅವರದೇ ತಪ್ಪು. ನಂಬಿಕೆಯನ್ನಾದರೆ ಪ್ರಶ್ನೆ ಕೇಳಿ ಅಲ್ಲಾಡಿಸಬಹುದು. ಯಾರೂ ನಂಬದೆ ಎಲ್ಲರೂ ಪಾಲಿಸುವ ಕಟ್ಟಳೆಗೆ ಎಲ್ಲಿಂದ ಪ್ರಶ್ನೆ ಹಾಕುವುದು? ಅದಕ್ಕೆ ವಾರಸುದಾರರೇ ಇರುವುದಿಲ್ಲ.

ಅಧ್ಯಕ್ಷರ ಬಳಿ ಹೋದೆ. ಅವರ ಮಾತಿಗೆ ತಾಲ್ಲೂಕಿನಲ್ಲಿ ಬೆಲೆ ಇತ್ತು. "ನಾನು ಹೇಳಿದೆ, ಕಳಿಸು" ಎಂದು ಒಂದು ಮಾತು ಅಂದರೆ ಜಾಮೀನು ಅವರದಾಗುತ್ತಿತ್ತು, ಅಪ್ಪ ಊರಲ್ಲಿ ಅವರ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

"ಜನರ ಭಾವನೆಯ ವಿಷಯ ಅದು," ಎಂದರು ಅಧ್ಯಕ್ಷರು. "ನಮ್ಮ ಸಮಿತಿ ಯಾರ ನಂಬಿಕೆಗೂ ವಿರುದ್ಧ ಹೋಗೋದಿಲ್ಲ."

"ಆ ನಂಬಿಕೆಯಿಂದಲೇ ನಿಮಗೆ ಛತ್ರ ಪುಕ್ಕಟೆ ಸಿಕ್ಕಿದ್ದು ಸರ್. ಅದರ ಲಾಭ ತೆಗೆದುಕೊಳ್ಳೋದಾದರೆ, ಅದು ನುಂಗೋ ಸೀಟಿಗೂ ನೀವೇ ಹೊಣೆ."

"ಅವತ್ತೇ ಮೈಕಿನಲ್ಲಿ ಹೇಳಿದ್ದೆ, ವಿನಯ ಕಡಿಮೆ ಅಂತ."

"ಎರಡನೇ ಬಹುಮಾನವನ್ನೂ ಅವತ್ತೇ ಕೊಟ್ಟಿರಿ. ಇವತ್ತು ಉತ್ತರ ಕೊಡಿ."

ಊರು ಬಿಟ್ಟು ಓದಲು ಹೋಗುವುದನ್ನು ಕಲಿಸುವ ಸಮಿತಿ, ಊರು ಬಿಟ್ಟು ಓದಲು ಹೋಗಬೇಕಾದ ಹುಡುಗಿಯ ಬಗ್ಗೆ ಮಾತಾಡಲಾರದು. ಸಮಾರೋಪಕ್ಕೆ ಅವಳಿಂದ ವಂದನಾರ್ಪಣೆ ಮಾಡಿಸಬಹುದೇ ಎಂದು ಮಾತ್ರ ಅಧ್ಯಕ್ಷರು ಕೇಳಿದರು.

ಇಷ್ಟೆಲ್ಲ ನಡೆಯುವಾಗ ನಾನು ಆ ಹುಡುಗಿಗೋಸ್ಕರ ತಾಲ್ಲೂಕಿನವರ ಜೊತೆಯೆಲ್ಲ ಜಗಳ ತೆಗೆಯುತ್ತಿದ್ದರೆ, ಅವಳು ಬಟ್ಟೆ ಒಗೆದು ಹರವುತ್ತಿದ್ದಳು. ಶನಿವಾರ ಬಂತೆಂದರೆ ಉಳಿದ ಹುಡುಗಿಯರೆಲ್ಲ ತಲೆನೋವು, ಅಕ್ಕನ ಮಗುವಿನ ಹುಟ್ಟುಹಬ್ಬ, ದೇವರ ಹರಕೆ ಎಂದು ನೆಪ ಹೇಳಿ ಮನೆಗೆ ಓಡುತ್ತಿದ್ದರು. ಇವಳೊಬ್ಬಳು ಹೋಗುತ್ತಿರಲಿಲ್ಲ. ಅಭ್ಯಾಸ ಹಾಸ್ಟೆಲನ್ನು ಗಂಭೀರವಾಗಿ ತೆಗೆದುಕೊಂಡವಳು ಇವಳೊಬ್ಬಳೇ ಎಂದು ನಾನು ಎಲ್ಲರಿಗೂ ಹೇಳಿ, ಅವರ ಕೈಲಿ ಬೈಸಿಕೊಂಡಿದ್ದೆ.

ಅಪ್ಪ ಮೂರನೇ ಸಲ ಬಂದದ್ದು ವಾರದ ರಜೆಯ ಮಧ್ಯಾಹ್ನ, ಮನೆಯಿಂದ ಕ್ಯಾರಿಯರ್ ಹಿಡಿದುಕೊಂಡು. ಅವಳು ಎಲೆ ಹಾಸಿ, ಡಬ್ಬಿ ಬಿಚ್ಚಿ, ಮೊದಲು ಅಪ್ಪನಿಗೇ ಬಡಿಸಿದಳು. ಅವರು ಉಣ್ಣಲು ಶುರು ಮಾಡಿದ ಮೇಲೆ ಎದುರಿಗೆ ಕೂತಳು. ನಾನು ಆಚೆ ಮೇಜಿನಲ್ಲಿದ್ದೆ.

"ಅಪ್ಪ, ನಾನು ಮನೆ ಬುಟ್ಟಿದ್ದು ಯಾವತ್ತು?"

"ಯಾವತ್ತು ಅಂದ್ರೆ? ಇಲ್ಲಿಗೆ ಬಂದ ದಿನ."

"ಆಸಾಡ ಉಟ್ಟಿತ್ತಾ?"

"ಇಲ್ಲ. ಅದ್ಕೂ ಮುಂಚೇನೆಯ."

"ಟ್ರಂಕು, ಆಸ್ಗೆ, ಬುಕ್ಕು ಎಲ್ಲಾ ಇಲ್ಲಿಗೇ ತಂದಿವ್ನಿ. ಅವತ್ತಿಂದ ಒಂದಪನೂ ಮನೆಗೆ ಬಂದಿಲ್ಲ."

"ಅದ್ಕೇನೀಗ?"

"ಪರಸ್ತಾನ ಆಗೈತೆ."

ಅಪ್ಪನ ಕೈ ಎಲೆಯ ಮೇಲೆ ನಿಂತಿತು. ನನಗೆ ಆ ಮಾತು ಅರ್ಥವಾಗಲಿಲ್ಲ. ಅವಳು ಮುಂದುವರಿಸಿದಾಗ ಆಯಿತು.

"ನೀನು ಬ್ಲಫ್ ಕೆಲ್ಸಕ್ಕೆ ಸೇರ್ಬೇಕಾದ್ರೆ ಮಂಗ್ಳಾರ ಬಂದಿತ್ತಂತೆ. ಮಂಗ್ಳಾರ ಮನೆ ಬುಡ್ಬಾರ್ದು ಅಂತ ಅಜ್ಜಿ ನಿನ್ ಚೀಲನ ಬಾನ್ವಾರನೇ ತಗಂಡೋಗಿ ಎದುರ್ಮನೇಲಿ ಮಡಗಿತ್ತಂತೆ. ಚೀಲ ಒಳ್ಳೆ ದಿನ ಓಗಿ ಬ್ಯಾರೆ ಮನೇಲಿ ಕೂತ್ರೆ ಆಳೇ ಒಂಟಂಗೆ, ಆಮ್ಯಾಕೆ ಯಾವತ್ತು ಓದ್ರೂ ದೋಸ ಇಲ್ಲ ಅಂತ ಅಜ್ಜಿನೇ ಯೋಳೈತೆ. ನಂದು ಬರೀ ಚೀಲ ಅಲ್ಲ. ಆಳೇ ಬಂದು ಕೂತೈತೆ. ಇಲ್ಲಿಂದ ಎಲ್ಲಿಗೆ ಓದ್ರೂ ಅದು ಆಸಾಡಕ್ಕೆ ಮುಂಚೆ ಒಂಟಿದ್ದೇಯ."

ಅಪ್ಪ ಮುದ್ದೆ ನುಂಗಿದರು. ನೀರು ಕುಡಿದರು. ನನ್ನ ಕಡೆ ಒಂದು ಸಲ ನೋಡಿದರು.

"ಯಾರು ಯೋಳ್ಕೊಟ್ರು? ಈಯಮ್ಮನಾ?"

"ಅವ್ರಿಗೆ ಇಂಥವೆಲ್ಲ ಎಲ್ಲಿ ಗೊತ್ತು?" ಎಂದಳು.

ಅಪ್ಪ ಇನ್ನೂ ಸ್ವಲ್ಪ ಹೊತ್ತು ಉಂಡರು. ಆಮೇಲೆ, ಊರಿನ ಯಾರೋ ಎದುರಿಗೆ ನಿಂತು ಕೇಳುತ್ತಿದ್ದಾರೆ ಎಂಬಂತೆ, ಗೋಡೆಯ ಕಡೆ ನೋಡಿಕೊಂಡು ಹೇಳಿ ನೋಡಿದರು: "ಆಸಾಡಕ್ಕೆ ಮುಂಚೇನೆ ಮನೆ ಬುಟ್ಟಿದ್ಲು ಕಣಪ್ಪ. ಪರಸ್ತಾನ ಆಗಿತ್ತು." ಇನ್ನೊಂದು ಸಲ ಹೇಳಿದರು. ನಾಲಿಗೆಗೆ ಸರಿಯಾಗಿ ಕೂತಿತು. ಎಲೆ ಮಡಚಿ ಎದ್ದರು.

"ಟ್ರೇನಿಗೆ ನಾನೂ ಬತ್ತೀನಿ. ಒಬ್ಳನ್ನೇ ಕಳ್ಸಕಿಲ್ಲ," ಎಂದರು. ಸೀಟು ಉಳಿಯಿತು.

ಹುಡುಗಿಯರೆಲ್ಲ ಅವಳನ್ನು ಎತ್ತಿ ಕುಣಿದಾಡಿದರು. ನಾನು ಕುಣಿಯಲಿಲ್ಲ. ಸಂಜೆ ಬಟ್ಟೆ ತೆಗೆಯುತ್ತಿದ್ದ ಅವಳ ಹತ್ತಿರ ಹೋಗಿ ನಿಂತೆ. ಸಂದೇಶ ಬಂದ ದಿನವೇ ಲೆಕ್ಕ ಹಾಕಿದ್ದಳಂತೆ. ಶನಿವಾರಗಳಲ್ಲಿ ಮನೆಗೆ ಹೋಗದೆ ಉಳಿದದ್ದು ಅದಕ್ಕೇ ಅಂತೆ. ನನ್ನ ಶಿಸ್ತಿನ ಮಾದರಿ ಹೀಗೆ ತಯಾರಾಗಿತ್ತು.

"ನೀನು ಇದನ್ನ ನಂಬ್ತೀಯಾ?"

"ಇಲ್ಲ ಅಕ್ಕ."

"ನಂಬದೇ ಹೇಳಿದ್ದು ಸುಳ್ಳಲ್ವಾ?"

"ನಾನು ಆಸಾಡಕ್ಕೆ ಮುಂಚೆ ಮನೆ ಬುಟ್ಟಿದ್ದು ಸುಳ್ಳಾ?"

"ಅದಲ್ಲ ನಾನು ಹೇಳ್ತಿರೋದು. ಆಷಾಢ ಅನ್ನೋದೇ ಪೊಳ್ಳು ಅಂತ ಹೇಳೋದು ಬಿಟ್ಟು, ಅದನ್ನ ಒಪ್ಪಿಕೊಂಡೇ ಪಕ್ಕದಲ್ಲಿ ನುಸುಳಿದೆ. ಈಗ ಆ ಕಟ್ಟಳೆ ಇನ್ನೂ ಗಟ್ಟಿಯಾಯ್ತು. ನಾಳೆ ನಿನ್ನ ತಂಗಿಗೆ ಟ್ರಂಕು ಇಡೋಕೆ ಛತ್ರ ಇಲ್ಲದಿದ್ದರೆ?"

"ಅವ್ಳಿಗೆ ಆಸಾಡದಲ್ಲೇ ಓದಕ್ಕೆ ಓಗಿದ್ದ ಒಬ್ಳು ಅಕ್ಕ ಇರ್ತಾಳೆ."

"ಆಷಾಢಕ್ಕೆ ಮುಂಚೆ ಹೋದೆ ಅಂತ ನೀನೇ ತಾನೇ ಹೇಳಿದ್ದು?"

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ನಿಮ್ಗೆ ನನ್ ಸೀಟು ಬೇಕಿತ್ತಾ ಅಕ್ಕ, ಅಪ್ಪನ್ನ ಸೋಲಿಸ್ಬೇಕಿತ್ತಾ?"

ಎರಡೂ ಬೇಕಿತ್ತು. ಈಗಲೂ ಎರಡೂ ಬೇಕು ಎನ್ನುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ. ಪ್ರತಿಯೊಬ್ಬ ಹುಡುಗಿಯೂ ತನ್ನ ಸೀಟಿಗೊಂದು ಜಾಣತನ ಹುಡುಕಿಕೊಳ್ಳಬೇಕು ಎನ್ನುವುದಾದರೆ, ಜಾಣತನ ಹೊಳೆಯದವಳ ಗತಿ ಏನು? ಅವಳ ಪ್ರಶ್ನೆ ಚೆನ್ನಾಗಿತ್ತು, ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅವಳಿಗೂ ಅದನ್ನೇ ಹೇಳಿದೆ. ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅವಳ ವಾದಕ್ಕೆ ಒಂದು ಷರತ್ತು ಅಂಟಿಕೊಂಡಿತ್ತು. ಪ್ರಸ್ಥಾನವಾದವರು ಹೊರಡುವ ಮೊದಲು ಮತ್ತೆ ಮನೆಗೆ ಕಾಲಿಡುವಂತಿಲ್ಲ. ಇಟ್ಟರೆ ಎಲ್ಲ ಮೊದಲಿಂದ, ಅದೂ ಆಷಾಢದಲ್ಲಿ. ಸಮಾರೋಪವಾಗಿ ಉಳಿದವರು ಊರಿಗೆ ಹೋದ ಮೇಲೂ ಅವಳು ಛತ್ರದಲ್ಲೇ ಉಳಿಯಬೇಕಾಯಿತು. ಅವಳ ಜೊತೆಗೆ ನಾನು. ವಂದನಾರ್ಪಣೆ ಮಾಡಿಸಿಕೊಂಡ ಸಮಿತಿಯವರು ಬೀಗದ ಕೈ ನನಗೆ ಕೊಟ್ಟು ಮಾಯವಾಗಿದ್ದರು.

ಚೀಲ ಇಟ್ಟುಬಂದಿದ್ದ ಆ ಅಜ್ಜಿ ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದರು. ಅವಳು 'ಅವ್ವ' ಎಂದು ಕರೆಯುವುದು ಅಮ್ಮನನ್ನಲ್ಲ, ಆ ಅಜ್ಜಿಯನ್ನೇ. ಹುಟ್ಟಿದಾಗಿನಿಂದ ಅವರ ಮಗ್ಗುಲಲ್ಲಿ ಮಲಗಿದವಳು. ಅಜ್ಜಿಯನ್ನು ಎತ್ತಿ ಬಸ್ಸಿಗೆ ಹತ್ತಿಸಿ ಮಳವಳ್ಳಿಗೆ ತರುವಂತಿರಲಿಲ್ಲ. ಇವಳು ಹೋಗುವಂತಿರಲಿಲ್ಲ. ಊಟಕ್ಕೆ ಕೂತರೆ ಎಲೆ ನೋಡುತ್ತಾ ಕೂರುತ್ತಿದ್ದಳು.

"ನಡಿ, ನನ್ನ ಸ್ಕೂಟರಿನಲ್ಲಿ ಹೋಗಿಬರೋಣ," ಎಂದೆ. "ಯಾರಿಗೂ ಗೊತ್ತಾಗಲ್ಲ."

"ಪೂರಿಗಾಲೀಲಿ ಯಾರ್ಗೂ ಗೊತ್ತಾಗ್ದಂಗೆ ನಾಯಿನೂ ಬೀದಿ ದಾಟಕಿಲ್ಲ ಅಕ್ಕ."

"ಗೊತ್ತಾಗಲಿ. ನೀನೇನು ನಂಬ್ತೀಯಾ?"

"ಮಾತು ಕೊಟ್ಟಿರೋಳು ನಾನು. ನಾನೇ ಮುರುದ್ರೆ ಅಪ್ಪ ಊರಲ್ಲಿ ಏನಂತ ಯೋಳಾದು?"

ಆದರೂ ಸಂಜೆ ತಾನೇ ಮನೆಗೆ ಫೋನ್ ಮಾಡಿ, ಒಂದು ಸಲ ಬಂದುಹೋಗುತ್ತೇನೆ ಎಂದು ಅಮ್ಮನ ಕೈಲಿ ಅಜ್ಜಿಗೆ ಹೇಳಿಸಿದಳು. ಸ್ಪೀಕರಿನಲ್ಲಿ ಅಜ್ಜಿಯ ದನಿ ಛತ್ರದ ಖಾಲಿ ಗೋಡೆಗಳಿಗೆ ಬಡಿಯುತ್ತಿತ್ತು.

"ಯಾಕವ್ವ, ಬತ್ತೀನಿ ಅಂದ್ಯಂತೆ?"

"ಬಾಗ್ಲಾಚೆ ನಿಂತು ನೋಡ್ಕಂಡು ಓಯ್ತೀನಿ ಕಣವ್ವ. ಒಳೀಕೆ ಬರಕಿಲ್ಲ."

"ಬಾಗ್ಲಾಚೆ ಅಲ್ಲ, ಊರ ಮುಂದ್ಲ ಕಟ್ಟೆ ತಾವು ಕಾಣಿಸ್ಕಂಡ್ರೂ ಸೌದೆ ತಗಂಡು ಬತ್ತೀನಿ."

"ಎದ್ದು ಕೂರಕ್ಕಾಗಕಿಲ್ಲ, ಸೌದೆಯಂತೆ."

"ಮಲೀಕಂಡೇ ಎಸೀತೀನಿ."

ಇವಳು ನಗಲು ಹೋಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿನ್ ಮೊಕ ಉಟ್ಟಿದಾಗ್ನಿಂದ ನೋಡಿವ್ನಿ," ಎಂದರು ಅಜ್ಜಿ. "ಇನ್ನೊಂದಪ ನೋಡಿ ನಂಗೇನಾಗ್ಬೇಕು? ಓಗು ಅತ್ಲಾಗಿ. ಬ್ಯಾಟ್ರಿ ಕಮ್ಮಿ ಐತೆ, ಮಡಗ್ತೀನಿ."

ಹುಡುಗಿ ಫೋನನ್ನು ಮೇಜಿನ ಮೇಲಿಟ್ಟು ಪಾತ್ರೆ ತೊಳೆಯಲು ಹೋದಳು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಯಾರೂ ನಂಬದ ಒಂದು ತಿಂಗಳು ಒಂದು ಹುಡುಗಿಯನ್ನು ಅವಳ ಅಜ್ಜಿಯಿಂದ ಬಿಡಿಸಿಟ್ಟಿತ್ತು. ಅಡ್ಡ ನಿಂತಿದ್ದವರೆಲ್ಲ ಅವಳನ್ನು ಪ್ರೀತಿಸುವವರೇ. ಹಾಗಾಗಿ ಯಾರನ್ನೂ ಬಯ್ಯುವಂತಿರಲಿಲ್ಲ.

ಹೊರಡುವ ಬೆಳಿಗ್ಗೆ ಅವಳ ಅಮ್ಮ ಛತ್ರಕ್ಕೆ ಬಂದು, ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದು, ಅಜ್ಜಿ ಒಬ್ಬರೇ ಇದ್ದಾರೆಂದು ಮುಂದಿನ ಬಸ್ಸಿಗೇ ವಾಪಸಾದರು. ಮಧ್ಯಾಹ್ನ ಅವಳ ಅಪ್ಪ ಬಂದ ಮೇಲೆ ನಾವು ಮೂವರು ಟ್ರಂಕು ಹೊತ್ತುಕೊಂಡು ಮದ್ದೂರಿಗೆ ಬಸ್ಸು ಹತ್ತಿದೆವು. ಮೈಸೂರಿನಿಂದ ಬರುವ ರೈಲು ಸಂಜೆ ಮದ್ದೂರಿನಲ್ಲಿ ನಿಂತು, ಬೆಳಗಾಗುವಷ್ಟರಲ್ಲಿ ತಮಿಳುನಾಡಿನ ಒಳಗಿರುತ್ತದೆ. ಹುಡುಗಿ ನೀರಿನ ಬಾಟಲಿ ತುಂಬಿಸಿಕೊಳ್ಳಲು ಹೋದಾಗ ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತರು.

"ಮಂಡ್ಯದಲ್ಲಿ ನಿಮ್ಮನೆ ಯಾವ ಬೀದಿ?"

ಹೇಳಿದೆ.

"ನಿಮ್ಮಪ್ಪ ಏನ್ ಮಾಡ್ತಾರೆ?"

ಮೇಷ್ಟ್ರು ಎಂದೆ.

"ಮನೆ ತಾವು ಗುರ್ತು ಏನೈತೆ?"

"ಎದುರಿಗೆ ಹಾಲಿನ ಬೂತು. ಯಾಕೆ?"

"ಊರೋರ ಬಾಯಿಗೆ ಪರಸ್ತಾನ ಸಾಕು," ಎಂದರು. "ನಂಗೆ ಸಾಕಾ? ಏನಾದ್ರೂ ಆದ್ರೆ ನಿನ್ನೇ ಕೇಳಾದು. ಮನೆ ಗೊತ್ತಿರ್ಬೇಕು."

ಚರ್ಚಾಸ್ಪರ್ಧೆಗಳಲ್ಲಿ ನಾನು ಬಹಳ ವಿಷಯಗಳ ಪರವಾಗಿ ಮಾತಾಡಿ ಗೆದ್ದಿದ್ದೇನೆ. ಗೆದ್ದವರ ಮನೆ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಫೋನ್ ನಂಬರನ್ನೂ ಕೊಟ್ಟೆ. ಅವರು ಅಲ್ಲೇ ಒಂದು ಸಲ ರಿಂಗ್ ಕೊಟ್ಟು, ನಂಬರು ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡರು. ರೈಲು ಬಂತು. ಹುಡುಗಿ ಹತ್ತಿದಳು, ಟ್ರಂಕು ಹತ್ತಿತು, ಅಪ್ಪ ಹತ್ತಿದರು. ಕಿಟಕಿಯಿಂದ ಅವಳು ಕೈ ಬೀಸಿದಳು. ಅವರು ಬೀಸಲಿಲ್ಲ.

ಮರುವರ್ಷದ ಕರಪತ್ರದಲ್ಲಿ ಸಮಿತಿ ಹೊಸ ಸಾಲೊಂದನ್ನು ಸೇರಿಸಿತು: ಆಷಾಢಕ್ಕೆ ಮುನ್ನ ಶುಭದಿನದಂದು ಪ್ರಸ್ಥಾನದ ಅನುಕೂಲ ಕಲ್ಪಿಸಲಾಗುವುದು. ಅಧ್ಯಕ್ಷರು ಮತ್ತೆ ವಾರ್ಡನ್ ಆಗಲು ಕರೆದರು. ಆ ಸಾಲು ತೆಗೆಯಿರಿ, ಬರುತ್ತೇನೆ ಎಂದೆ. ತೆಗೆಯಲಿಲ್ಲ. ಹೋಗಲಿಲ್ಲ.

ಹುಡುಗಿಯ ಅಪ್ಪನ ಫೋನು ಮಾತ್ರ ನಿಂತಿಲ್ಲ. ಮಗಳಿಗೆ ಶೀತವಾದರೆ ನನಗೆ ಬೈಗುಳ, ಹಾಸ್ಟೆಲಿನ ಸಾಂಬಾರು ಹುಳಿಯಾದರೆ ನನಗೆ ಬೈಗುಳ. ಮೊದಲ ಸೆಮಿಸ್ಟರಿನಲ್ಲಿ ಅವಳು ಗಣಿತದಲ್ಲಿ ಫೇಲಾದ ಸುದ್ದಿ ಅವಳು ಹೇಳುವ ಮೊದಲೇ ನನಗೆ ತಿಳಿದದ್ದೂ ಅವರಿಂದಲೇ.

"ನೋಡ್ದಾ?" ಎಂದರು. "ಆಸಾಡ."

"ಅವಳು ಹೋದದ್ದು ಆಷಾಢಕ್ಕೆ ಮುಂಚೆ. ಊರಿಗೆಲ್ಲ ನೀವೇ ಹೇಳಿಕೊಂಡು ಬಂದಿದ್ದೀರಿ."

ಆ ಕಡೆ ಯಂತ್ರದ ಮೊರೆತ ಕೇಳಿಸುತ್ತಿತ್ತು. ಪಾಳಿಯಲ್ಲಿದ್ದರು.

"ಅಂಗಾರೆ ತಪ್ಪು ಯಾರ್ದು?"

"ಗಣಿತ ಕಷ್ಟ. ಮತ್ತೆ ಬರೀತಾಳೆ."

"ಬರೀಲಿ. ಆವಾಗ್ಲೂ ಪಾಸಾಗ್ನಿಲ್ಲ ಅಂದ್ರೆ ನಿಮ್ಮನೆ ಮುಂದೆ ಬಂದು ಕೂತ್ಕತೀನಿ."

"ಬನ್ನಿ," ಎಂದೆ. "ಒಳಗೇ ಕೂತ್ಕೊಳ್ಳಿ."